ಓನರ್ ಇಲ್ಲದ ಬಾಡಿಗೆ ಮನೆ

ತುಲೂಸಿನಲ್ಲಿ ಬಾಡಿಗೆ ಮನೆ ಸಿಗಬೇಕಾದರೆ ಮೊದಲು ನಿಮಗೊಂದು ಮನೆ ಇರಬೇಕು. ತಮಾಷೆಯಲ್ಲ. ಕರಾರಿಗೆ ಕೂರುವ ಮುಂಚೆ ಏಜೆನ್ಸಿಯವರು ಫ್ರೆಂಚ್ ಬ್ಯಾಂಕಿನ ಖಾತೆ ವಿವರ ಕೇಳುತ್ತಾರೆ. ಬ್ಯಾಂಕಿಗೆ ಹೋದರೆ ವಿಳಾಸಕ್ಕೆ ಪುರಾವೆ ಕೇಳುತ್ತಾರೆ. ಪುರಾವೆಯೆಂದರೆ ಕರೆಂಟ್ ಬಿಲ್ಲು. ಕರೆಂಟ್ ಬಿಲ್ಲು ಬರಲು ಮನೆ ಬೇಕು. 2017ರ ಆಗಸ್ಟಿನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಅಲ್ಲಿಗೆ ಹೋಗಿ ಇಳಿದ ನನ್ನನ್ನು ಈ ಸುಳಿಯಿಂದ ಎತ್ತಿದವರು ಕೊಲೊಮಿಯೆಯಲ್ಲಿದ್ದ, ಧಾರವಾಡದ ಕಡೆಯ ಅಕ್ಕ ಒಬ್ಬರು.

ಅಲ್ಲಿ ಕನ್ನಡದವರು ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಏರ್‌ಬಸ್‌ನ ಮುಖ್ಯ ಕಚೇರಿ ತುಲೂಸಿಗೆ ಅಂಟಿಕೊಂಡಿರುವ ಬ್ಲಾನ್ಯಾಕ್‌ನಲ್ಲಿದೆ, ಬೆಂಗಳೂರಿನಲ್ಲಿ ಅದರ ಎಂಜಿನಿಯರಿಂಗ್ ಕೇಂದ್ರವಿದೆ, ಎರಡರ ಸುತ್ತಲೂ ಬಿಡಿಭಾಗ, ಡ್ರಾಯಿಂಗು, ಸಾಫ್ಟ್‌ವೇರ್ ಎಂದು ಬದುಕುವ ಸಣ್ಣ ಕಂಪನಿಗಳ ದಂಡೇ ಇದೆ. ಎರಡೂ ಊರುಗಳ ನಡುವೆ ಜನ ಓಡಾಡುತ್ತಲೇ ಇರುತ್ತಾರೆ. ಅಕ್ಕನ ಯಜಮಾನರು ಹಾಗೆ ಹೋದವರು. ನಾನೂ ಹಾಗೇ.

ಅಕ್ಕ ಒಂದು ಕಾಗದ ಬರೆದುಕೊಟ್ಟರು. ಇಂಥವರು ಇಂಥ ತಾರೀಕಿನಿಂದ ನಮ್ಮ ಮನೆಯಲ್ಲಿ ವಾಸವಾಗಿದ್ದಾರೆ ಅಂತ. ಅದಕ್ಕೆ ತಮ್ಮ ಕರೆಂಟ್ ಬಿಲ್ಲು, ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿದರು. ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬರೆದ ಈ ಪತ್ರಕ್ಕೆ ಫ್ರಾನ್ಸಿನ ಬ್ಯಾಂಕಿನಲ್ಲಿ, ಸರ್ಕಾರಿ ಕಚೇರಿಯಲ್ಲಿ ಮರ್ಯಾದೆ ಇದೆ. ನೋಟರಿ, ಛಾಪಾ ಕಾಗದ ಏನೂ ಬೇಡ. ಸಹಿ ಹಾಕಿ ಪೆನ್ನು ಮುಚ್ಚುತ್ತಾ ಅಕ್ಕ, "ಬರದೀನಿ ಅಂದ್ಮ್ಯಾಲ ಅದು ಖರೇನ ಇರಬೇಕಲ್ಲ? ಹೋಟೆಲ್ ಬಿಟ್ಟು ಸಂಜೀಕ ಬಂದುಬಿಡ್ರಿ" ಎಂದರು. ಮಕ್ಕಳ ಕೋಣೆಯಲ್ಲಿ ನನಗೆ ಹಾಸಿಗೆ ಬಿತ್ತು.

ಬೆಂಗಳೂರಿನಲ್ಲಿ ನಾನು ಒಂಟಿ ಹೆಂಗಸಾಗಿ ಮನೆ ಹುಡುಕಿದ್ದವಳು. ವಿಜಯನಗರದಲ್ಲಿ ಟು-ಲೆಟ್ ಬೋರ್ಡು ಕಂಡು ಗೇಟು ತೆಗೆದರೆ, ಮನೆ ತೋರಿಸುವ ಮೊದಲು ನನ್ನನ್ನು ನೋಡುತ್ತಿದ್ದರು. ಯಾವೂರು, ಮದುವೆ ಆಗಿದೆಯಾ, ರಾತ್ರಿ ಎಷ್ಟು ಹೊತ್ತಿಗೆ ಬರ್ತೀಯ, ವೆಜ್ಜಾ ನಾನ್‌ವೆಜ್ಜಾ, ಕೊನೆಗೆ ದನಿ ತಗ್ಗಿಸಿ "ನೀವು ಯಾವ ಪೈಕಿ?" ಸಂಬಳ ಎಷ್ಟೆಂದು ಒಬ್ಬರೂ ಕೇಳಿದ್ದಿಲ್ಲ. ಹತ್ತು ತಿಂಗಳ ಅಡ್ವಾನ್ಸು ಕೈಗೆ ಬಂದ ಮೇಲೆ ಸಂಬಳ ಕಟ್ಟಿಕೊಂಡು ಅವರಿಗೇನು? ತುಲೂಸಿನಲ್ಲಿ ಎಲ್ಲ ತಿರುವು ಮುರುವು. ನನ್ನ ಬಗ್ಗೆ ಯಾರಿಗೂ ಏನೂ ಬೇಕಿರಲಿಲ್ಲ. ಬೇಕಿದ್ದದ್ದು ದೋಸಿಯೆ.

ದೋಸಿಯೆ ಎಂದರೆ ಬಾಡಿಗೆದಾರರ ಕಾಗದಗಳ ಕಂತೆ. ಪಾಸ್‌ಪೋರ್ಟು, ಕೆಲಸದ ಕರಾರು, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಹಿಂದಿನ ಮನೆಯ ಬಾಡಿಗೆ ರಸೀದಿ, ಹೋದ ವರ್ಷದ ತೆರಿಗೆ ನೋಟಿಸು. ಬಾಡಿಗೆಯ ಮೂರು ಪಟ್ಟು ಸಂಬಳ ಬರುತ್ತಿರಬೇಕು ಎಂಬುದು ಎಲ್ಲರೂ ಪಾಲಿಸುವ ಲೆಕ್ಕ. ಏನೇನು ಕೇಳಬಹುದು ಎಂಬುದಕ್ಕೆ 2015ರ ಸರ್ಕಾರಿ ಆದೇಶದಲ್ಲಿ ಪಟ್ಟಿಯೇ ಇದೆ. ಪಟ್ಟಿಯಲ್ಲಿಲ್ಲದ್ದನ್ನು ಕೇಳುವಂತಿಲ್ಲ. ಬ್ಯಾಂಕಿನ ಪಾಸ್‌ಬುಕ್ ಕೇಳುವಂತಿಲ್ಲ, ಆರೋಗ್ಯದ ಕಾಗದ ಕೇಳುವಂತಿಲ್ಲ. ಇದನ್ನು ಓದಿದಾಗ ನನಗೆ ಎಷ್ಟು ಹಗುರವಾಯಿತೆಂದರೆ, ನನ್ನ ಹತ್ತಿರ ಪಟ್ಟಿಯಲ್ಲಿದ್ದ ಕಾಗದಗಳೂ ಇಲ್ಲ ಎಂಬುದು ಹೊಳೆಯಲು ಸ್ವಲ್ಪ ಹೊತ್ತೇ ಬೇಕಾಯಿತು. ನಿನ್ನೆ ಬಂದವಳಿಗೆ ಮೂರು ತಿಂಗಳ ಸಂಬಳ ಚೀಟಿ ಎಲ್ಲಿಂದ ಬರಬೇಕು? ತೆರಿಗೆ ನೋಟಿಸು ಬರುವುದು ಒಂದು ವರ್ಷ ದುಡಿದ ಮೇಲೆ. ಬೆಂಗಳೂರಿನ ಸಂಬಳ ಚೀಟಿ ತೋರಿಸಿದರೆ ರೂಪಾಯಿಯ ಅಂಕಿಗಳನ್ನು ಕುತೂಹಲದಿಂದ ನೋಡಿ, ಬದಿಗಿಡುತ್ತಿದ್ದರು.

ಇನ್ನೊಂದು ವಿಷಯ ಸೇಡೇಈ. ಗಡುವಿಲ್ಲದ ಕಾಯಂ ನೌಕರಿಯ ಕರಾರಿಗೆ ಅವರು ಬಳಸುವ ಮೂರಕ್ಷರ. ನಮ್ಮಲ್ಲಿ ಗೋತ್ರ ಕೇಳುವ ಹಾಗೆ ಅಲ್ಲಿ ಇದನ್ನು ಕೇಳುತ್ತಾರೆ, ಅಷ್ಟೇ ಸಹಜವಾಗಿ, ಅಷ್ಟೇ ನಿರ್ದಾಕ್ಷಿಣ್ಯವಾಗಿ. ಗಡುವಿನ ಕರಾರಿನವರು, ಸ್ವಂತ ಕಸುಬಿನವರು, ನಾಟಕದವರು, ಎಷ್ಟೇ ಸಂಪಾದಿಸಲಿ, ಸರತಿಯ ಹಿಂದಕ್ಕೆ ಹೋಗುತ್ತಾರೆ. ನನ್ನದು ಸೇಡೇಈಯೇ. ಆದರೆ ಮೊದಲ ನಾಲ್ಕು ತಿಂಗಳು ಪರೀಕ್ಷೆಯ ಅವಧಿ. "ಅದು ಮುಗಿದ ಮೇಲೆ ಬನ್ನಿ ಮದಾಮ್" ಎಂದು ನಗುನಗುತ್ತಲೇ ಕಳಿಸುತ್ತಿದ್ದರು.

ಅವರ ಮೇಲೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಗೊತ್ತಾಯಿತು, ಬೇಡ ಎನ್ನುತ್ತಿದ್ದದ್ದು ಎದುರಿಗೆ ಕೂತ ಹುಡುಗಿಯಲ್ಲ, ಅವಳ ಹಿಂದಿರುವ ವಿಮೆ. ಬಾಡಿಗೆ ನಿಂತುಹೋದರೆ ಕಟ್ಟಿಕೊಡುವ ವಿಮೆ ಮಾಡಿಸುವ ಮಾಲೀಕರು ಬಹಳ. ವಿಮೆಯವರ ಷರತ್ತುಗಳಿಗೆ ಹೊಂದದ ದೋಸಿಯೆಯನ್ನು ಏಜೆನ್ಸಿ ಮುಂದಕ್ಕೆ ಕಳಿಸುವುದೇ ಇಲ್ಲ. ಇಷ್ಟು ಭಯ ಏಕೆಂದರೆ, ಒಳಗೆ ಬಂದ ಬಾಡಿಗೆದಾರರನ್ನು ಎಬ್ಬಿಸುವುದು ಫ್ರಾನ್ಸಿನಲ್ಲಿ ಸುಲಭವಲ್ಲ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಬಾಡಿಗೆ ಬಾಕಿ ಇದ್ದರೂ, ಕೋರ್ಟಿನ ಆದೇಶ ಕೈಯಲ್ಲಿದ್ದರೂ, ಸಂಸಾರವನ್ನು ಬೀದಿಗೆ ಹಾಕುವಂತಿಲ್ಲ. 1954ರ ಚಳಿಗಾಲದಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಒಬ್ಬ ಹೆಂಗಸು ಮನೆ ಖಾಲಿ ಮಾಡಿಸಿದ ಕಾಗದವನ್ನು ಹಿಡಿದುಕೊಂಡೇ ಚಳಿಗೆ ಸತ್ತಳು. ಆಬೆ ಪಿಯೆರ್ ಎಂಬ ಪಾದ್ರಿ ಫೆಬ್ರವರಿ 1ರಂದು ರೇಡಿಯೋದಲ್ಲಿ ಅದನ್ನು ಹೇಳಿ ಇಡೀ ದೇಶವನ್ನು ಅಲ್ಲಾಡಿಸಿದರು. 1956ರಲ್ಲಿ ಚಳಿಗಾಲದ ಈ ತಡೆ ಕಾನೂನಾಯಿತು. ಒಳ್ಳೆಯ ಕಾನೂನು, ಅನುಮಾನವಿಲ್ಲ. ಆದರೆ ಹೊರಗೆ ಹಾಕುವ ಬಾಗಿಲು ಬಿಗಿಯಾದಷ್ಟೂ ಒಳಗೆ ಬಿಡುವ ಬಾಗಿಲು ಕಿರಿದಾಗುತ್ತದೆ. ನಾನು ನಿಂತಿದ್ದದ್ದು ಆ ಬಾಗಿಲಿನ ಹೊರಗೆ.

ಜೊತೆಗೆ ಅದು ಆಗಸ್ಟು. ಅರ್ಧ ಊರು ಸಮುದ್ರ ತೀರಕ್ಕೆ ಹೋಗಿರುತ್ತದೆ, ಬ್ರೆಡ್ಡಿನ ಅಂಗಡಿಯ ಗಾಜಿಗೂ ರಜೆಯ ಚೀಟಿ. ಇನ್ನೊಂದು ಕಡೆಯಿಂದ ವಿದ್ಯಾರ್ಥಿಗಳು ಬಂದು ತುಂಬಿಕೊಳ್ಳುತ್ತಾರೆ. ತುಲೂಸಿನಲ್ಲಿ ಓದುವವರು ಲಕ್ಷಕ್ಕೂ ಹೆಚ್ಚು. ಸೆಪ್ಟೆಂಬರ್ ಹತ್ತಿರವಾದಂತೆ ಒಂದು ಕೋಣೆಯ ಮನೆಗಳು ಜಾಹೀರಾತಿನಲ್ಲಿ ಒಂದು ಗಂಟೆ ನಿಂತರೆ ಹೆಚ್ಚು. ಸಾಂ ಸಿಪ್ರಿಯಾಂನಲ್ಲಿ ಅಂಥದೊಂದನ್ನು ನೋಡಲು ಹೋಗಿದ್ದೆ. ಗರೋನ್ ನದಿಯ ಎಡದಂಡೆಯ ಹಳೇ ಪೇಟೆ ಅದು. ಎರಡನೇ ಮಹಡಿಯ ಮನೆಗೆ ಸರತಿ ಕೆಳಗಿನ ಬಾಗಿಲವರೆಗೂ ಇಳಿದಿತ್ತು. ಮಕ್ಕಳಿಗಿಂತ ತಾಯಂದಿರೇ ಜಾಸ್ತಿ, ಪ್ರತಿಯೊಬ್ಬರ ಕೈಯಲ್ಲೂ ಎಲಾಸ್ಟಿಕ್ ಹಾಕಿದ ರಟ್ಟಿನ ಫೈಲು. ಐದೈದು ಜನರಂತೆ ಒಳಗೆ ಬಿಡುತ್ತಿದ್ದರು. ಅಡುಗೆ ಕಟ್ಟೆಯ ಮಗ್ಗುಲಲ್ಲೇ, ಪರದೆಯ ಹಿಂದೆ ಸ್ನಾನದ ಷವರ್. ಅನ್ನಕ್ಕಿಟ್ಟು ಅಲ್ಲೇ ಸ್ನಾನ ಮುಗಿಸಬಹುದು. ನನ್ನ ಮುಂದಿದ್ದ ಒಬ್ಬ ತಾಯಿ ಕಿಟಕಿಯ ಮರದ ಕದ ತೆಗೆದು, ಮುಚ್ಚಿ, ಮತ್ತೆ ತೆಗೆದು, "ಚೆನ್ನಾಗಿದೆ" ಎಂದು ನಿಂತಲ್ಲೇ ಫೈಲು ಕೊಟ್ಟುಬಿಟ್ಟರು. ಮಗ ಇನ್ನೂ ಮೆಟ್ಟಿಲ ಮೇಲಿದ್ದ.

ಜಾಹೀರಾತಿನ ಜೊತೆ ಕಳಿಸಿದ್ದ ಕಾಗದಗಳಲ್ಲಿ ಒಂದು ಆ ಜಾಗದ ಅಪಾಯಗಳ ಹಾಳೆ. ಪ್ರವಾಹ ವಲಯ ಎಂಬಲ್ಲಿ ಗುರುತು ಹಾಕಿತ್ತು. 1875ರ ಜೂನಿನಲ್ಲಿ ಗರೋನ್ ಉಕ್ಕಿ ಇದೇ ಸಾಂ ಸಿಪ್ರಿಯಾಂನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರಂತೆ. ಮನೆ ಬಾಡಿಗೆಗೆ ಕೊಡುವವರು ನೆರೆ ಬರುವ ಸಂಗತಿಯನ್ನು ತಾವೇ ಬರೆದು ಕೈಗಿಡುವುದು ನನಗೆ ಹೊಸದು. ನಮ್ಮಲ್ಲಿ ಕೆರೆಯಂಗಳದ ಲೇಔಟಿನಲ್ಲಿ ಮನೆ ಮಾಡಿದವರಿಗೆ ಮೊದಲ ಜಡಿಮಳೆಯೇ ಆ ಹಾಳೆ.

ಕಾಗದಕ್ಕೆ ಮುಖ ನೋಡುವ ಚಟ ಇಲ್ಲ ಎಂದು ನಂಬಿಕೊಂಡಿದ್ದೆನಲ್ಲ, ಅದಕ್ಕೂ ಒಂದು ಪೆಟ್ಟು ಬಿತ್ತು. ಒಂದು ಏಜೆನ್ಸಿಗೆ ಫೋನು ಮಾಡಿದೆ. ಮನೆ ಇದೆ ಎಂದರು, ಹೆಸರು ಕೇಳಿದರು, ಅಕ್ಷರ ಅಕ್ಷರವಾಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗತಾನೇ ಯಾರೋ ಹಿಡಿದಿದ್ದಾರೆ ಎಂದರು. ಊಟದ ಹೊತ್ತಿಗೆ ಆಫೀಸಿನ ಗೆಳತಿ ಅದೇ ನಂಬರಿಗೆ ಮಾಡಿದಳು, ಅವಳದು ಅಪ್ಪಟ ಫ್ರೆಂಚ್ ಹೆಸರು. ನಾಳೆ ಬೆಳಿಗ್ಗೆ ನೋಡಲು ಬನ್ನಿ ಎಂದು ಕರೆದರು. ಅವಳ ಮುಖ ಕೆಂಪಾಯಿತು. ಇದು ಅಪರಾಧ, ಹಕ್ಕು ರಕ್ಷಣೆಯ ಕಚೇರಿಗೆ ದೂರು ಕೊಡೋಣ ಎಂದಳು. ನನಗೆ ಬೇಕಿದ್ದದ್ದು ನ್ಯಾಯವಲ್ಲ, ಮನೆ. ಆದರೂ ಒಂದು ವ್ಯತ್ಯಾಸ ಗಮನಿಸಿದೆ. ವಿಜಯನಗರದಲ್ಲಿ ನನ್ನ ಪೈಕಿ ಕೇಳಿದವರಿಗೆ ಅದು ತಪ್ಪೆಂದೇ ಅನಿಸಿರಲಿಲ್ಲ. ಈ ಏಜೆನ್ಸಿಯವರಿಗೆ ಸುಳ್ಳು ಹೇಳಬೇಕಾಯಿತು. ಸುಳ್ಳು ಹೇಳಿಸುವ ಮಟ್ಟಿಗಾದರೂ ಕಾನೂನು ಅಲ್ಲಿ ಜೀವಂತವಾಗಿತ್ತು.

ಇಷ್ಟರಲ್ಲಿ ಅಪ್ಪ ಹಾಸನದಿಂದ ದಿನಾ ಫೋನು. "ಅಡ್ವಾನ್ಸ್ ಎಷ್ಟಂತಮ್ಮ?"

"ಒಂದು ತಿಂಗಳ ಬಾಡಿಗೆ ಅಪ್ಪ. ಅದಕ್ಕಿಂತ ಜಾಸ್ತಿ ಇಸ್ಕೊಳ್ಳೋ ಹಾಗಿಲ್ಲ."

"ಒಂದೇ ತಿಂಗಳಾ? ಸರಿಯಾಗಿ ವಿಚಾರಿಸು. ಏನೋ ಮೋಸ ಇರಬೇಕು."

ಜಾಮೀನುದಾರರಿದ್ದರೆ ಮನೆ ಸಿಗಬಹುದು ಎಂದು ಬಾಯಿತಪ್ಪಿ ಹೇಳಿದ್ದೇ ತಡ, ಅಪ್ಪ ತಾವೇ ನಿಲ್ಲುವುದಾಗಿ ಸಿದ್ಧರಾದರು. ಮಾರನೇ ಬೆಳಿಗ್ಗೆ ವಾಟ್ಸಾಪಿಗೆ ಕೆಇಬಿಯ ಪಿಂಚಣಿ ಪುಸ್ತಕ, ಅದರ ಹಿಂದೆಯೇ ನಮ್ಮೂರು ಕಟ್ಟಾಯದ ತೆಂಗಿನ ತೋಟದ ಪಹಣಿ. ಮಿನೀಮ್ ಬಡಾವಣೆಯ ಏಜೆನ್ಸಿಯೊಂದರಲ್ಲಿ ಕೂತಿದ್ದಾಗ ಅದನ್ನು ತೋರಿಸಿಯೇಬಿಟ್ಟೆ. ಎದುರಿಗಿದ್ದ ಹುಡುಗ ನನ್ನ ಫೋನು ತೆಗೆದುಕೊಂಡು ಪಹಣಿಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕನ್ನಡ ಅಕ್ಷರಗಳನ್ನು ಭಕ್ತಿಯಿಂದ ನೋಡಿ, ಎಷ್ಟು ಚದರ ಮೀಟರು ಎಂದು ಕೇಳಿದ. ಎರಡು ಎಕರೆ, ಅಂದರೆ ಎಂಟು ಸಾವಿರ. "ಎಂಟು ಸಾವಿರ ಚದರ ಮೀಟರಿನ ಒಡೆಯರ ಮಗಳು ನಮ್ಮ ಮೂವತ್ತೆಂಟರಲ್ಲಿ ಇರುತ್ತೀರಾ?" ಎಂದು ನಕ್ಕ. ಏಜೆನ್ಸಿಯವರು ಕೇಳುವುದು ಫ್ರಾನ್ಸಿನಲ್ಲೇ ಇರುವ, ಸಂಬಳ ಚೀಟಿಯೂ ಇರುವ ಜಾಮೀನುದಾರರನ್ನು. ತೆಂಗಿನ ಮರ ನಡೆಯುವುದಿಲ್ಲ.

ದಾರಿ ತೋರಿಸಿದವನೂ ಅವನೇ. ವಿಸಾಲ್ ಎಂಬ ಯೋಜನೆ 2016ರಲ್ಲಿ ಶುರುವಾಗಿತ್ತು. ಕಂಪನಿಗಳು ಉದ್ಯೋಗಿಗಳ ವಸತಿಗೆಂದು ಕಟ್ಟುವ ವಂತಿಗೆಯಿಂದ ನಡೆಯುವ ಆಕ್ಸಿಯೋಂ ಲೋಜ್‌ಮಾಂ ಸಂಸ್ಥೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮತ್ತು ಚಿಕ್ಕ ವಯಸ್ಸಿನವರಿಗೆ ತಾನೇ ಜಾಮೀನು ನಿಲ್ಲುತ್ತದೆ, ಪುಕ್ಕಟೆ. ಬಾಡಿಗೆ ತಪ್ಪಿದರೆ ಮಾಲೀಕರಿಗೆ ಅದು ಕಟ್ಟಿ, ಆಮೇಲೆ ನಮ್ಮಿಂದ ವಸೂಲಿ ಮಾಡುತ್ತದೆ. ಆಗಿನ್ನೂ ಹೊಸದಾದ್ದರಿಂದ ಅದರ ಹೆಸರೆತ್ತಿದರೆ ಮೂಗು ಮುರಿಯುವ ಏಜೆನ್ಸಿಗಳೇ ಹೆಚ್ಚು. ಈ ಹುಡುಗ ಮಾತ್ರ ತಾನೇ ಕಂಪ್ಯೂಟರ್ ತಿರುಗಿಸಿ ಅರ್ಜಿ ತುಂಬಿಸಿದ. ಕೆಲವು ದಿನಕ್ಕೆ ಒಪ್ಪಿಗೆಯ ಕಾಗದ ಬಂತು. ನನ್ನನ್ನು ಕಣ್ಣಲ್ಲೂ ಕಾಣದ ಒಂದು ಸಂಸ್ಥೆ ನನ್ನ ಪರವಾಗಿ ನಿಂತಿತು.

ಮನೆ ನಾಲ್ಕನೇ ಮಹಡಿ, ಲಿಫ್ಟಿಲ್ಲ. ಬಾಡಿಗೆ 590 ಯೂರೋ. ಏಜೆನ್ಸಿಯ ಕಮಿಷನ್ ಕೂಡ ಕಾನೂನಿನ ಲೆಕ್ಕವೇ: ತುಲೂಸಿನಲ್ಲಿ ಆಗ ಚದರ ಮೀಟರಿಗೆ ಹೆಚ್ಚೆಂದರೆ 10 ಯೂರೋ, ಮನೆಯ ಸ್ಥಿತಿ ಬರೆದುಕೊಳ್ಳಲು ಇನ್ನೊಂದು 3. ಮೂವತ್ತೆಂಟು ಚದರ ಮೀಟರಿಗೆ ಎಲ್ಲ ಸೇರಿ 494. ಖಾಲಿ ಮನೆ ಎಂದರೆ ಅಲ್ಲಿ ನಿಜವಾಗಿ ಖಾಲಿ. ಅಡುಗೆ ಕೋಣೆಯಲ್ಲಿ ಒಂದು ಸಿಂಕು, ಅಷ್ಟೇ; ಒಲೆಯಿಲ್ಲ, ಶೆಲ್ಫಿಲ್ಲ. ಸೂರಿನಿಂದ ಎರಡು ವೈರು ಇಳಿಬಿದ್ದಿದ್ದವು, ಹೋಲ್ಡರೂ ಇರಲಿಲ್ಲ.

ಬೀಗದ ಕೈ ಕೊಡುವ ದಿನ ಬಂದ ಹೆಂಗಸು ಮೊದಲು ಕೇಳಿದ್ದು ಮನೆ ವಿಮೆಯ ಕಾಗದ. ಅದನ್ನು ನೋಡಿಯೇ ಬಾಗಿಲು ತೆಗೆದದ್ದು. ಆಮೇಲೆ ಟ್ಯಾಬ್ಲೆಟ್ ಹಿಡಿದು ಗೋಡೆಗೋಡೆಯ ಮುಂದೂ ನಿಂತರು. ಇಲ್ಲಿ ಮೊಳೆಯ ತೂತು ಎರಡು, ಬಣ್ಣ ಹಚ್ಚಿ ಮುಚ್ಚಿದೆ. ಇಲ್ಲಿ ನೆಲದ ಹಲಗೆಯ ಮೇಲೆ ಗೀರು, ಅಂಗೈಯಗಲ. ಮಂಡಿಯೂರಿ ಕೂತು ಆ ಗೀರಿನ ಫೋಟೋ ತೆಗೆದರು. ನಲ್ಲಿ ತಿರುಗಿಸಿದರು, ಕಕ್ಕಸಿನ ನೀರು ಬಿಟ್ಟರು, ಕಿಟಕಿಯ ಕದಗಳ ತಿರುಗಣಿ ಅಲ್ಲಾಡಿಸಿದರು, ಕರೆಂಟು ಮೀಟರಿನ ಅಂಕಿ ಓದಿ ಹೇಳಿದರು. ನಾನು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದದ್ದು ನೋಡಿ, ಮೆಲ್ಲಗೆ, "ಮದಾಮ್, ನೀವೂ ತಪ್ಪು ಹುಡುಕಿ. ಇವತ್ತು ಬರೆಸದಿದ್ದರೆ ಹೋಗುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ" ಎಂದರು. ಎದುರು ಪಕ್ಷದವರೇ ಹೀಗೆ ಹೇಳಿದ್ದನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಬಚ್ಚಲಿನ ಕಿಟಕಿಯಲ್ಲಿ ಒಂದು ಬಿರುಕು ಕಂಡುಹಿಡಿದೆ. ಅವರಿಗೆ ಖುಷಿಯಾಯಿತು.

ಪಾಸ್‌ಪೋರ್ಟಿನಲ್ಲಿ ನನ್ನ ಇನಿಷಿಯಲ್ಲನ್ನು ಬಿಡಿಸಿ ಊರ ಹೆಸರನ್ನು ಮನೆತನದ ಹೆಸರಿನ ಜಾಗದಲ್ಲಿ ಹಾಕಿದ್ದರು. ಹಾಗಾಗಿ ಅಂಚೆ ಪೆಟ್ಟಿಗೆಯ ಮೇಲೆ ಕಟ್ಟಾಯ ಎಂದು ಕೆತ್ತಿದ ಪಟ್ಟಿ ಬಂತು, ನಾನು ಆ ಕಟ್ಟಡಕ್ಕೆಲ್ಲ ಮದಾಮ್ ಕಟ್ಟಾಯ ಆದೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ಕಾಗದ ಹಾಕದೆ ವಾಪಸು ಕಳಿಸುತ್ತಾರೆ, ಆದ್ದರಿಂದ ಅದು ಚಿಕ್ಕ ವಿಷಯವಲ್ಲ. ಮೊದಲ ಕರೆಂಟ್ ಬಿಲ್ಲು ಬಂದ ದಿನ ಅಕ್ಕನಿಗೆ ಫೋಟೋ ಕಳಿಸಿದೆ. "ಈಗ ನೀವೂ ಯಾರಿಗರೆ ಬರದ ಕೊಡಬಹುದು ನೋಡ್ರಿ" ಎಂದರು.

ಊರು ಆಮೇಲೆ ತಾನಾಗಿ ಹತ್ತಿರವಾಯಿತು. ತುಲೂಸಿನಲ್ಲಿ ಕಲ್ಲಿನ ಕಟ್ಟಡ ಕಡಿಮೆ. ಹತ್ತಿರದಲ್ಲಿ ಒಳ್ಳೆಯ ಕಲ್ಲಿಲ್ಲ, ನದಿಯ ಜೇಡಿ ಧಾರಾಳವಾಗಿದೆ, ಹಾಗಾಗಿ ಎಲ್ಲ ಇಟ್ಟಿಗೆ. ಸಂಜೆ ಬಿಸಿಲಿಗೆ ಊರೆಲ್ಲ ಗುಲಾಬಿ ಬಣ್ಣ ತಿರುಗುತ್ತದೆ. ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಫ್ರೆಂಚಿನಲ್ಲಿ ಹೇಳಿ, ಮತ್ತೆ ಆಕ್ಸಿಟಾನಿನಲ್ಲಿ ಹೇಳುತ್ತಾರೆ. ಅದು ಅಲ್ಲಿನ ನೆಲದ ಹಳೆಯ ಭಾಷೆ. ರೈಲಿನಲ್ಲಿ ಕೇಳಿಸುತ್ತದೆ, ಮಾರ್ಕೆಟ್ಟಿನಲ್ಲಿ ನನ್ನ ಕಿವಿಗೆ ಒಮ್ಮೆಯೂ ಬಿದ್ದಿಲ್ಲ; ಬೋರ್ಡಿನ ಮೇಲೆ ಕನ್ನಡ ಇದ್ದರೆ ಸಾಕು ಎನ್ನುವವರಿಗೆ ಒಮ್ಮೆ ಆ ಮೆಟ್ರೋ ಹತ್ತಿಸಬೇಕು. ಆಗ್ನೇಯದಿಂದ ಓತಾಂ ಎಂಬ ಗಾಳಿ ಬೀಸುತ್ತದೆ, ದಿನಗಟ್ಟಲೆ. ಅದು ಹುಚ್ಚು ಹಿಡಿಸುವ ಗಾಳಿ ಎಂದು ಊರವರ ಮಾತು. ಬೇಸಿಗೆಯಲ್ಲಿ ಸೂರಿನ ಕೆಳಗಿನ ನನ್ನ ಮನೆ ಕಾದು ಕೂತಾಗ, ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು ಎಲ್ಲ ಕಿಟಕಿಗಳ ಮರದ ಕದ ಹಾಕಿಸಿದರು. ಬೆಳಿಗ್ಗೆ ಹತ್ತಕ್ಕೆ ಮುಚ್ಚು, ರಾತ್ರಿ ಹತ್ತಕ್ಕೆ ತೆಗೆ. ಹಗಲೆಲ್ಲ ಕತ್ತಲೆಯಲ್ಲಿ ಕೂರುವುದು ಮೊದಮೊದಲು ಸೂತಕದ ಮನೆಯಂತೆನಿಸುತ್ತಿತ್ತು, ರೂಢಿಯಾಯಿತು.

ಆದರೆ ಮಾಲೀಕರನ್ನು ನಾನು ನೋಡಲೇ ಇಲ್ಲ. ಬೋರ್ದೋದಲ್ಲಿದ್ದಾರೆ ಎಂದು ಕರಾರಿನ ಮೊದಲ ಪುಟದಿಂದ ಗೊತ್ತು. ಬಾಡಿಗೆ ತಿಂಗಳ ಮೊದಲ ವಾರ ಬ್ಯಾಂಕಿನಿಂದ ತಾನೇ ಹೋಗುತ್ತಿತ್ತು, ವರ್ಷಕ್ಕೊಮ್ಮೆ ಸರ್ಕಾರದ ಸೂಚ್ಯಂಕ ಹೇಳಿದಷ್ಟು ಕೆಲವು ಯೂರೋ ಏರುತ್ತಿತ್ತು. ಯಾರೂ ಹೇಳದೆ ಬಂದು ಬಾಗಿಲು ತಟ್ಟಲಿಲ್ಲ, ನೀರು ಜಾಸ್ತಿ ಬಿಡಬೇಡ ಎನ್ನಲಿಲ್ಲ, ಯಾರು ಬಂದು ಹೋದರು ಎಂದು ಕೇಳಲಿಲ್ಲ. ಬೆಂಗಳೂರಿನಲ್ಲಿ ಓನರ್ ಆಂಟಿ ಹಬ್ಬಕ್ಕೆ ಒಬ್ಬಟ್ಟು ಕೊಟ್ಟದ್ದೂ ಉಂಟು, ರಾತ್ರಿ ಒಂಬತ್ತಾದ ಮೇಲೆ ಗೇಟಿಗೆ ಬೀಗ ಜಡಿದದ್ದೂ ಉಂಟು. ಎರಡೂ ಬರುವುದು ಒಂದೇ ಕೈಯಿಂದ. ನನ್ನನ್ನು ಕೇಳಿದರೆ, ಒಬ್ಬಟ್ಟು ತಪ್ಪಿದರೂ ಚಿಂತೆಯಿಲ್ಲ.

ಅಪ್ಪ ಇದನ್ನು ಒಪ್ಪಲಿಲ್ಲ. ಮರುವರ್ಷ ಜೂನಿನಲ್ಲಿ ಬಂದವರು, ಎರಡನೇ ದಿನವೇ, "ಓನರ್ ಮನೆಗೆ ಹೋಗಿ ಮಾತಾಡಿಸ್ಕೊಂಡು ಬರೋಣ. ಮಗಳನ್ನ ಅವರ ಮನೇಲಿ ಬಿಟ್ಟಿದ್ದೀನಿ, ಒಂದು ಮಾತು ಹೇಳದೆ ಹೋದ್ರೆ ಹೆಂಗೆ?" ಎಂದು ಹಟ ಹಿಡಿದರು. ಓನರ್ ಇಲ್ಲ ಎಂದರೆ ಅರ್ಥವಾಗದು. ಏಜೆನ್ಸಿಗಾದರೂ ಹೋಗೋಣ ಎಂದು ಮಾರ್ಕೆಟ್ಟಿನಲ್ಲಿ ಒಂದು ಬುಟ್ಟಿ ಪೀಚ್ ಹಣ್ಣು ಆರಿಸಿದರು, ಒಂದೊಂದನ್ನೂ ಮೂಸಿ. ಹನ್ನೆರಡೂಕಾಲಿಗೆ ತಲುಪಿದೆವು; ಬಾಗಿಲು ಹಾಕಿತ್ತು, ಎರಡರವರೆಗೆ ಊಟದ ವಿರಾಮ. ಕಾಲುವೆಯ ದಂಡೆಯಲ್ಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕಾದರು.

ನನಗೆ ವಿಸಾಲ್ ಮಾಡಿಸಿಕೊಟ್ಟ ಹುಡುಗ ಕೆಲಸ ಬಿಟ್ಟಿದ್ದ. ಕೌಂಟರಿನಲ್ಲಿ ಹೊಸಬಳು. ಅಪ್ಪ ಕೈಮುಗಿದು ಬುಟ್ಟಿ ಮುಂದಿಟ್ಟರು. ಅವಳು ಬುಟ್ಟಿ ನೋಡಿದಳು, ನನ್ನ ಕಡೆ ನೋಡಿದಳು, ಕಂಪ್ಯೂಟರಿನಲ್ಲಿ ನನ್ನ ಹೆಸರು ಹಾಕಿ ನೋಡಿದಳು. ಬಾಡಿಗೆ ಬಾಕಿ ಇರಲಿಲ್ಲ. "ಮಸಿಯೆ ಕಟ್ಟಾಯ ಅವರಿಗೆ ಏನಾದರೂ ದೂರು ಇದೆಯೇ?" ಎಂದು ಕಾಳಜಿಯಿಂದ ಕೇಳಿ, ರಿಪೇರಿಯ ಅರ್ಜಿ ಫಾರಂ ಒಂದನ್ನು ಜಾರಿಸಿದಳು.

ನಾನು ಅನುವಾದಿಸಿದೆ. ಅಪ್ಪ ಯೋಚಿಸಿ, "ಬಚ್ಚಲ ನಲ್ಲಿ ಸೋರ್ತಿದೆಯಲ್ಲ, ಅದನ್ನ ಬರಿ" ಎಂದರು.

ಅವಳು ಬೇಸರದಿಂದ ತಲೆಯಾಡಿಸಿದಳು. ನಲ್ಲಿಯ ವಾಷರು ಬಾಡಿಗೆದಾರರ ಖರ್ಚು, 1987ರ ಪಟ್ಟಿಯಲ್ಲಿದೆ.

ಅದನ್ನೂ ಕನ್ನಡದಲ್ಲಿ ಹೇಳಿದೆ. ಅಪ್ಪ ಅವಳ ಕಡೆ ನಗುಮುಖ ಮಾಡಿಕೊಂಡೇ, ತುಟಿ ಹೆಚ್ಚು ಆಡಿಸದೆ, "ಹಣ್ಣು ವಾಪಸ್ ಇಸ್ಕೋಬಹುದಾ ಕೇಳು" ಎಂದರು.